ಗಂಗಾವತಿ ಮೋಟಾರಿನಲ್ಲಿ ಬಂದ ಅಂಗಿ

ಅಂಗಿಯ ತೋಳು ಒಂದು ಬೆರಳಿನಷ್ಟು ಉದ್ದವಾಗಿತ್ತು. ಒಳಕ್ಕೆ ಮಡಿಚಿದರೆ ಮಣಿಕಟ್ಟಿನ ಹತ್ತಿರ ಉಬ್ಬಿ ನಿಲ್ಲುತ್ತಿತ್ತು, ಬಿಟ್ಟರೆ ಅಂಗೈಯವರೆಗೆ ಇಳಿಯುತ್ತಿತ್ತು. ಓಬಳೆಪ್ಪ ಕೊಪ್ಪಳದ ತನ್ನ ಬಾಡಿಗೆ ಖೋಲಿಯಲ್ಲಿ ಸಣ್ಣ ಕನ್ನಡಿಯ ಮುಂದೆ ನಿಂತು ಒಮ್ಮೆ ಮಡಿಚಿದ, ಬಿಚ್ಚಿದ, ಮತ್ತೆ ಮಡಿಚಿದ. ಯಾವ ಪುಣ್ಯಾತ್ಮನ ತೋಳೋ ಇದು ಎಂದುಕೊಂಡ. ಅಂಗಿ ಯಾರದೆಂದು ಅವನಿಗೆ ಗೊತ್ತಿರಲಿಲ್ಲ, ಎಂದೂ ಗೊತ್ತಿರುತ್ತಿರಲಿಲ್ಲ. ಸೋಮವಾರ ಮುಂಜಾನೆ ಗಂಗಾವತಿಯ ಮೋಟಾರಿನಲ್ಲಿ ಕಂಡಕ್ಟರ್ ಮುರ್ತುಜಾಸಾಬ ಅಪ್ಪ ಕಟ್ಟಿಕೊಟ್ಟ ಒಂದು ಗಂಟು ತಂದುಕೊಡುತ್ತಿದ್ದ. ಶನಿವಾರ ಅದೇ ಗಂಟು ವಾಪಸು ಹೋಗುತ್ತಿತ್ತು. ನಡುವಿನ ದಿನಗಳಲ್ಲಿ ಗಂಗಾವತಿಯ ಯಾವನೋ ದೊಡ್ಡ ಮನುಷ್ಯನ ಅಂಗಿ, ಇನ್ನಾವನದೋ ಧೋತರ ಕೊಪ್ಪಳದ ಸಾಲಿಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವು. ಆಮೇಲೆ ಅವು ಕಾಲುವೆಯ ನೀರಿಗೆ ಬಿದ್ದು, ಇಸ್ತ್ರಿಯಾಗಿ, ಏನೂ ಆಗದವರ ಹಾಗೆ ತಮ್ಮ ತಮ್ಮ ಯಜಮಾನರ ಪೆಟ್ಟಿಗೆ ಸೇರುತ್ತಿದ್ದವು. ಅಗಸರಲ್ಲಿ ಇದು ಕಳವಲ್ಲ. ಮದುವೆಗೋ ದೇವರಿಗೋ ಹೊರಟಾಗ ಅಗಸರ ಮನೆಯವರು ಊರವರ ಬಟ್ಟೆಯನ್ನೇ ಉಟ್ಟು ಹೊರಡುತ್ತಾರೆ. ಬಟ್ಟೆಯ ಒಡೆಯ ಎದುರಿಗೆ ಸಿಕ್ಕರೆ ಅವನೂ ನಗುತ್ತಾನೆ, ಇವರೂ ನಗುತ್ತಾರೆ, ಅಲ್ಲಿಗೆ ಮುಗಿಯಿತು. ಯುದ್ಧ ಶುರುವಾಗಿ ಬಟ್ಟೆ ತುಟ್ಟಿಯಾದ ಮೇಲೂ ಗಂಗಾವತಿಯಲ್ಲಿ ಈ ನಗೆ ನಿಂತಿರಲಿಲ್ಲ. ಆದರೆ ಕೊಪ್ಪಳದಲ್ಲಿ ಓಬಳೆಪ್ಪ ಅಗಸರವನೆಂದು ಯಾರಿಗೂ ಗೊತ್ತಿರಲಿಲ್ಲ.

ಅಂಗಿಯನ್ನು ಪಂಚೆಯೊಳಗೆ ಸೇರಿಸುವಾಗ ಅಂಚಿನ ಒಳಮಗ್ಗುಲಿನ ಗುರುತು ಕಣ್ಣಿಗೆ ಬಿತ್ತು. ಒಂದು ಗೆರೆ, ಅದರ ಮೇಲೆ ಎರಡು ಚುಕ್ಕೆ, ಪಕ್ಕಕ್ಕೊಂದು ಕೊಕ್ಕೆ. ಕೇರುಬೀಜದ ಕಪ್ಪು ರಸದಲ್ಲಿ ಅಪ್ಪ ಹಾಕಿದ್ದು. ಎಷ್ಟು ಒಗೆದರೂ ಹೋಗದು. ಒಂದೊಂದು ಮನೆಗೆ ಒಂದೊಂದು ಗುರುತು. ಅಕ್ಷರ ಅರಿಯದ ಅಪ್ಪ ಕಳಕಪ್ಪನ ತಲೆಯಲ್ಲಿ ಅರವತ್ತು ಮನೆಗಳ ಗುರುತು ಇದ್ದವು, ಬಟ್ಟೆಯ ಗುಡ್ಡೆಯ ಮುಂದೆ ಕೂತು ಅವನು ಕೈ ಹಾಕಿದ್ದೇ ತಡ ಮನೆಗಳು ಬೇರೆ ಬೇರೆಯಾಗಿ ಬೀಳುತ್ತಿದ್ದವು. ಓಬಳೆಪ್ಪನಿಗೆ ಎಂಟು ವರ್ಷವಿದ್ದಾಗ ಒಂದು ದಿನ ಮಗನನ್ನು ಪಕ್ಕಕ್ಕೆ ಕೂಡಿಸಿಕೊಂಡು, "ಇದು ನೋಡಪಾ, ಅಕ್ಕಿ ಸಾವ್ಕಾರ್ರ ಮನಿದು," ಎಂದು ಶುರು ಮಾಡಿದ್ದ. ಹುಡುಗ ಸ್ಲೇಟು ಎದೆಗವುಚಿಕೊಂಡು, "ನಾ ಸಾಲ್ಯಾಗ ಕಲೀತೀನಿ, ಇದು ನನಗ ಬ್ಯಾಡ," ಎಂದಿದ್ದ. ಬೈಗುಳ ಬೀಳಬೇಕಾದ ಮಾತು. ಕಳಕಪ್ಪ ಮಾತ್ರ ಹೆಂಡತಿ ಹುಲಿಗವ್ವನನ್ನು ಕೂಗಿ ಕರೆದು ಆ ಮಾತನ್ನು ಮತ್ತೊಮ್ಮೆ ಹೇಳಿಸಿದ್ದ, ಇಬ್ಬರೂ ನಕ್ಕಿದ್ದರು. ಈಗ ಓಬಳೆಪ್ಪನಿಗೆ ಉರ್ದು ಬರುತ್ತದೆ, ಕನ್ನಡ ಬರುತ್ತದೆ, ನೂರು ವರ್ಷದ ಹಿಂದಿನ ಇಂಗ್ಲಿಷ್ ಬರುತ್ತದೆ. ಆ ಗೆರೆ, ಚುಕ್ಕೆ, ಕೊಕ್ಕೆ ಬರುವುದಿಲ್ಲ.

ಇವತ್ತು ಹೇಳಿಬಿಡಬೇಕು ಎಂದು ಅವನು ನಿಶ್ಚಯಿಸಿದ್ದ. ವಕೀಲ ಅಂದಪ್ಪನವರ ಮಗಳು ಪಂಪಮ್ಮ ಮನೆಯಲ್ಲೇ ಓದಿ ಮೆಟ್ರಿಕ್ಕಿಗೆ ಕೂಡುವವಳು. ಎಂಟು ತಿಂಗಳಿಂದ ದಿನಾ ನಾಲ್ಕು ಗಂಟೆಗೆ ಅವಳಿಗೆ ಒಂದು ಇಂಗ್ಲಿಷ್ ಕಾದಂಬರಿ ಪಾಠ. ದನದ ಕೊಬ್ಬು ಕಾಯಿಸಿ ಮೇಣದಬತ್ತಿ ಮಾಡುವವನ ಮಗ ಓದಿ ಶಾಣ್ಯಾ ಆಗಿ ಒಂದು ದೊಡ್ಡ ಮನೆಗೆ ಮಾಸ್ತರನಾಗಿ ಸೇರಿ, ಆ ಮನೆಯ ಮಗಳಿಗೆ ಮನಸ್ಸು ಕೊಟ್ಟು ಒದ್ದಾಡುವ ಕಥೆ. ಪಠ್ಯ ನೇಮಿಸಿದ ಮಹಾಶಯರಿಗೆ ಓಬಳೆಪ್ಪನ ಮೇಲೆ ಏನು ಹಗೆಯಿತ್ತೋ. ಹುಡುಗ ಎಷ್ಟು ಮಿಂದರೂ ಮೈಯಿಂದ ಕೊಬ್ಬಿನ ವಾಸನೆ ಹೋಗುವುದಿಲ್ಲವೆಂದು ಕೈ ಮೂಸಿ ನೋಡಿಕೊಳ್ಳುವ ಪುಟ ಬಂದ ದಿನ ಓಬಳೆಪ್ಪ ಪುಸ್ತಕದ ಹಿಂದೆ ಮುಖ ಇಟ್ಟುಕೊಂಡೇ ಓದಿದ್ದ. ಅವನ ಮೂಗಿನಲ್ಲಿ ಸವಳುಮಣ್ಣು ಹಾಕಿ ಬೇಯಿಸಿದ ಬಟ್ಟೆಯ ಹಬೆ ಇತ್ತು, ಕತ್ತೆಯ ಬೆನ್ನಿನ ಬೆವರಿತ್ತು. ಪಂಪಮ್ಮ ಕಣ್ಣೊರೆಸಿಕೊಂಡು, "ಆ ಹುಡುಗಿ ಅವನ ವಾಸನಿ ಯಾಕ ಮನಸಿಗೆ ಹಚ್ಕೊಳ್ತಾಳ್ರಿ ಮಾಸ್ತರ್ರ? ನಾನಾಗಿದ್ರ ಹಚ್ಕೊಳ್ತಿರಲಿಲ್ಲ," ಎಂದಿದ್ದಳು. ಆ ಒಂದು ಮಾತನ್ನು ಅವನು ಆರು ವಾರ ಸಾಕಿದ್ದ. ಸಾಲಿಗೆ ಹೋಗುವಾಗ, ಬರುವಾಗ, ಗಡಿಗೆಯಲ್ಲಿ ನೀರು ಎತ್ತಿಕೊಳ್ಳುವಾಗ ಆ ಮಾತು ಅವನೊಡನೆ ಇರುತ್ತಿತ್ತು. ನಾನಾಗಿದ್ರ ಹಚ್ಕೊಳ್ತಿರಲಿಲ್ಲ. ಹಾಗಾದರೆ ಹೇಳಬಹುದು. ಕೊಟ್ಟ ಮನಸ್ಸು ತಿರುಗಿ ಬರಲಿ ಬಿಡಲಿ, ತಾನು ಯಾರೆಂದು ಅವಳಿಗೆ ತಿಳಿದಿರಲಿ.

ಆದರೆ ಹೇಳಬೇಕಾದ್ದು ಬರೇ ಅಷ್ಟೇ ಆಗಿರಲಿಲ್ಲ. ಮೊದಲ ದಿನವೇ ವಕೀಲರು, "ಯಾವೂರಾತ್ರಿ ಮಾಸ್ತರ? ತಂದಿ ಏನ್ ಮಾಡ್ತಾರ?" ಎಂದು ಕೇಳಿದ್ದರು. ವಕೀಲರು ಎಲ್ಲರನ್ನೂ ಕೇಳುವ ಮಾತು. ಉತ್ತರಕ್ಕಾಗಿ ಕಾಯುವವರೂ ಅಲ್ಲ. ಓಬಳೆಪ್ಪನ ಬಾಯಿಂದ, "ಯಲಬುರ್ಗಾ ಕಡೆ ಮಂಗಳೂರ್ರಿ. ಒಕ್ಕಲುತನ. ತಂದಿ ತೀರಿಕೊಂಡಾರ್ರಿ," ಎಂದು ಬಂದುಬಿಟ್ಟಿತ್ತು. ಊರು, ಕಸುಬು ಸುಳ್ಳು ಹೇಳುತ್ತೇನೆಂದು ಅವನಿಗೆ ಮೊದಲೇ ಗೊತ್ತಿತ್ತು. ಸಾವು ತಾನಾಗಿ ಬಂತು. ಆ ದಿನ ಖೋಲಿಗೆ ಬಂದು ಅವನು ಒಂದು ರೊಟ್ಟಿ ಹೆಚ್ಚೇ ತಿಂದಿದ್ದ. ಅದು ಹೇಗೆ ಸಾಧ್ಯವಾಯಿತೆಂದು ಇವತ್ತಿಗೂ ಅವನಿಗೆ ಅರ್ಥವಾಗಿಲ್ಲ. ಅಂದಿನಿಂದ ಆ ಮನೆಯಲ್ಲಿ ಅವನು ಮಂಗಳೂರ ಮಾಸ್ತರ. ಹೋದ ವರ್ಷ ಮಳೆಗೆ ಹಳ್ಳ ಬಂದು ಮೋಟಾರು ನಿಂತಾಗ ಅಪ್ಪ ಗಂಟು ಹೊತ್ತು ನಡೆದೇ ಬಂದು ಖೋಲಿಯ ಹೊರಗೆ ನಿಂತಿದ್ದ. ಮನೆಯ ಮಾಲಕ ಯಾರೆಂದು ಕೇಳಿದಾಗ ಓಬಳೆಪ್ಪ, "ಊರಿನ ಅಗಸ," ಎಂದ. ಅದೇನೂ ಸುಳ್ಳಲ್ಲ. ಕಳಕಪ್ಪ ತಲೆಯಾಡಿಸಿ, ಒಳಗೆ ಬರದೆ, ಮಾಲಕನ ಹೆಂಡತಿ ಮೇಲಿನಿಂದ ಹೊಯ್ದ ನೀರನ್ನು ಬೊಗಸೆಯಲ್ಲಿ ಕುಡಿದು ಹೋಗಿದ್ದ.

ವಕೀಲರ ಪಡಸಾಲೆಯಲ್ಲಿ ಎಂದಿನಂತೆ ಪಂಪಮ್ಮನ ಅಜ್ಜಿ ಗುರುಲಿಂಗಮ್ಮ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಾವಲು ಕೂತಿದ್ದಳು. ಕಣ್ಣು ಮಂಜಾಗಿ ಅವಳಿಗೆ ಕಲ್ಲು ಯಾವುದು ಕಾಳು ಯಾವುದು ತಿಳಿಯುತ್ತಿರಲಿಲ್ಲ, ಆರಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ಇವತ್ತಿನ ಅಧ್ಯಾಯದಲ್ಲಿ ಮೇಣದಬತ್ತಿಯವನು ಪೆಟ್ಟಿಗೆ ಹೊತ್ತು ಆ ದೊಡ್ಡ ಮನೆಯ ಹಿಂಬಾಗಿಲಿಗೆ ಬರುತ್ತಾನೆ. ಒಳಗೆ ಮಗ ಇದ್ದಾನೆಂದು ತಿಳಿದೇ ಬಂದಿದ್ದಾನೆ. ಆಳು ಮಗನ ಕಡೆ ತಿರುಗಿ, ಈ ಮನುಷ್ಯ ನಿಮಗೆ ಗೊತ್ತೇ ಎಂದು ಕೇಳುತ್ತಾನೆ. ಹುಡುಗ ಒಲೆಯ ಬೆಂಕಿಯ ಕಡೆ ಮುಖ ಮಾಡಿ ಇಲ್ಲ ಎನ್ನುತ್ತಾನೆ. ಓಬಳೆಪ್ಪ ಓದಿ ಮುಗಿಸಿ, ಪರೀಕ್ಷೆಗೆ ಬರಬಹುದಾದ ಪ್ರಶ್ನೆಯೆಂದು ಅದನ್ನೇ ಬರೆಸಿದ. ಮಗ ತಂದೆಯನ್ನು ಯಾಕೆ ಗುರುತಿಸಲಿಲ್ಲ? ಉತ್ತರವನ್ನೂ ತಾನೇ ಹೇಳಿ ಬರೆಸಿದ: ಅವನಿಗೆ ತಂದೆಯ ಮೇಲೆ ಪ್ರೀತಿ ಇಲ್ಲವೆಂದಲ್ಲ, ಎಲ್ಲರೂ ನೋಡುತ್ತಿರುವಾಗ ಆ ಪ್ರೀತಿಗೆ ನಿಲ್ಲುವ ಜಾಗ ಸಿಗಲಿಲ್ಲ. ಪಂಪಮ್ಮ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ವಾಸನಿ ಇದ್ರ ಇರಲಿ ಬಿಡ್ರಿ ಮಾಸ್ತರ್ರ, ಅದರಾಗ ಅವನ ತಪ್ಪಿಲ್ಲ. ಆದ್ರ ಇದು... ಇದನ್ನ ಆ ಹುಡುಗಿಗೆ ಅಂವ ತಾನ ಹೇಳಿದ್ರ ಏನಾಗತಿತ್ರಿ?"

"ನಿಮಗೇನನಸ್ತೈತಿ?"

"ಮದಲ ಹೇಳಿದ್ರ ಆಕಿ ತಿಳ್ಕೊಳ್ತಿದ್ಲು. ಬ್ಯಾರೇದವರಿಂದ ತಿಳಿದ್ರ ಮುಖ ನೋಡ್ತಿರಲಿಲ್ಲ."

ಓಬಳೆಪ್ಪ ಪುಸ್ತಕ ಮುಚ್ಚಿದ. "ಪಂಪಮ್ಮ, ನಿಮಗ ಒಂದು ಮಾತು..." ಎಂದ. ಅಷ್ಟರಲ್ಲಿ ಅಂಗಳದಲ್ಲಿ ಚಕ್ಕಡಿ ನಿಂತ ಸದ್ದಾಯಿತು, ವಕೀಲರ ಗಟ್ಟಿ ನಗೆ ಕೇಳಿಸಿತು. ಪಂಪಮ್ಮ ನೋಟುಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಹೋಗುವಾಗ ಅವಳ ಮುಖ ಕೆಂಪಾಗಿತ್ತು. ಯಾಕೆಂದು ಅವನಿಗೆ ಆಗ ತಿಳಿಯಲಿಲ್ಲ. ಹೆಣ್ಣು ನೋಡುವವರು ಬರುತ್ತಾರೆಂಬುದು ಆ ಮನೆಯಲ್ಲಿ ಅವನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿತ್ತು.

ಬಂದವರು ಇಬ್ಬರೇ, ವರ ಮತ್ತು ಅವನ ಸೋದರಮಾವ. ಓಬಳೆಪ್ಪ ಎದ್ದು ಹೊರಡಲು ನೋಡಿದ. ಅಂದಪ್ಪನವರು ಭುಜ ಹಿಡಿದು ಜಮಖಾನೆಯ ಮೇಲೆ ಕೂಡಿಸಿದರು.

"ಎಲ್ಲಿ ಹೊಂಟ್ರಿ, ಕುಂದರ್ರಿ. ಇವರು ನಮ್ಮ ಮಂಗಳೂರ ಮಾಸ್ತರು. ಹುಡುಗಿ ಇಂಗ್ಲಿಷ್ ಹೆಂಗ ಓದ್ತಾಳಂತ ಇವರನ್ನ ಕೇಳ್ರಿ, ನಾ ಹೇಳಿದ್ರ ತಂದಿ ಮಾತಾಗ್ತೈತಿ. ಮಾಸ್ತರ, ಇವರು ವಿರುಪಣ್ಣ, ಗಂಗಾವತಿಯ ಅಕ್ಕಿ ಸಾವ್ಕಾರ್ರ ಮಗ."

ಗಂಗಾವತಿ ಎಂಬ ಮಾತು ಕೇಳಿದೊಡನೆ ಓಬಳೆಪ್ಪ ಗೋಡೆಯ ಕಡೆ ಸರಿದು ಕೂತ. ಮುಖದ ಗುರುತು ಸಿಗುತ್ತದೆಂಬ ಭಯ ಇರಲಿಲ್ಲ. ಹನ್ನೆರಡನೆಯ ವಯಸ್ಸಿಗೇ ಊರು ಬಿಟ್ಟವನು ಅವನು, ಅದಕ್ಕೂ ಮುಂಚೆ ಹಿತ್ತಲ ಬಾಗಿಲಿಗೆ ಗಂಟು ತರುತ್ತಿದ್ದ ಅಗಸರ ಹುಡುಗನ ಮುಖವನ್ನು ಆ ಮನೆಯಲ್ಲಿ ಯಾರು ನೋಡಿದ್ದರು. ವಿರುಪಣ್ಣ ನೋಡಲು ಒಳ್ಳೆಯವನ ಹಾಗೆಯೇ ಇದ್ದ; ಅದೂ ಒಂದು ಕಷ್ಟ. ಉದ್ದ ತೋಳಿನ, ನಗೆಮುಖದ ಮನುಷ್ಯ. ಅವನು ಬೆವರೊರೆಸಿಕೊಳ್ಳಲು ಹೆಗಲ ಮೇಲಿನ ವಸ್ತ್ರ ಎಳೆದುಕೊಂಡಾಗ ಅದರ ಮೂಲೆ ಮಗುಚಿತು. ಒಂದು ಗೆರೆ, ಎರಡು ಚುಕ್ಕೆ, ಒಂದು ಕೊಕ್ಕೆ. ಅಪ್ಪನ ಬರಹದಲ್ಲಿ ಒಂದೇ ಒಂದು ಪದವನ್ನು ಓಬಳೆಪ್ಪ ಜನ್ಮದಲ್ಲಿ ಓದಿದ್ದು ಆಗ. ಎಂಟನೆಯ ವಯಸ್ಸಿನಲ್ಲಿ ಓದಿದ್ದರೆ ಈ ಅಂಗಿ ಇವತ್ತು ಮೈಮೇಲೆ ಇರುತ್ತಿರಲಿಲ್ಲ. ಅವನು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡ. ಹಾಗೆ ಇಟ್ಟುಕೊಂಡದ್ದರಿಂದಲೇ ಮಡಿಚಿದ ತೋಳು ಬಿಚ್ಚಿತು.

ಪಂಪಮ್ಮ ಓದುವುದರಲ್ಲಿ ಬಹಳ ಚುರುಕು ಎಂದು ಅವನು ಹೇಳಿದ. ವ್ಯಾಕರಣ ಶುದ್ಧ ಎಂದ. ವಿರುಪಣ್ಣ ಕೇಳುತ್ತಿದ್ದ, ಆದರೆ ಕಣ್ಣು ಅಂಗಿಯ ಮೇಲಿತ್ತು. ಒಮ್ಮೆ ಬೇರೆ ಕಡೆ ನೋಡಿದ, ಮತ್ತೆ ನೋಡಿದ. ಕಡೆಗೆ ತನ್ನ ಹುಡುಗಾಟಿಕೆಗೆ ತಾನೇ ನಾಚಿಕೊಂಡವನಂತೆ ನಕ್ಕ.

"ಮಾಸ್ತರ್ರ, ಸಿಟ್ಟಾಗಬ್ಯಾಡ್ರಿ. ಈ ಅಂಗಿ ಎಲ್ಲಿ ಹೊಲಿಸಿದ್ರಿ?"

"ಹುಬ್ಬಳ್ಳ್ಯಾಗ."

"ನಂದೂ ಹುಬ್ಬಳ್ಳ್ಯಾಗ ಹೊಲಿಸಿದ್ದು, ಇಂಥಾದ. ಎರಡನೇ ಗುಂಡಿ ಕಳದಿತ್ತು. ನಮ್ಮ ತಂಗಿ ಸಿಂಪಿನ ಗುಂಡಿ ಹಚ್ಚಿದ್ಲು."

ಎಲ್ಲರೂ ಎರಡನೆಯ ಗುಂಡಿಯನ್ನು ನೋಡಿದರು; ಅದೊಂದೇ ಚಿಪ್ಪಿನದು, ಹೊಳೆಯುತ್ತಿತ್ತು. ಅಜ್ಜಿ ಕೂಡ ಮೊರದಿಂದ ತಲೆ ಎತ್ತಿದಳು, ಅವಳಿಗೆ ಏನೂ ಕಾಣದಿದ್ದರೂ. ಒಳಬಾಗಿಲಿನ ಪರದೆಯ ಕೆಳಗೆ ಪಂಪಮ್ಮನ ಕಾಲ್ಬೆರಳುಗಳಿದ್ದವು. ಅಂದಪ್ಪನವರು ಮೊದಲು ನಕ್ಕರು, ಆಮೇಲೆ ಅವರೊಳಗಿನ ವಕೀಲ ಎಚ್ಚರಾದ. "ಅಂಗಿ ಅಂಚು ತಿರುವಿ ನೋಡ್ರಿ ಮಾಸ್ತರ, ಅಗಸರ ಗುರುತು ಇರ್ತೈತಿ. ಸಂಶೆ ಯಾಕ," ಎಂದರು. ಓಬಳೆಪ್ಪ ತನ್ನ ಕೈಯಿಂದಲೇ ಅಂಚು ಹೊರಗೆಳೆದು ತಿರುವಿದ. ಸಾಲಿಯಲ್ಲಿ ಹುಡುಗರಿಗೆ ಕೈ ಚಾಚೆಂದು ಹೇಳಿ ಬೆತ್ತ ಎತ್ತುವಾಗ ಅವರು ಹೀಗೆಯೇ ಚಾಚುತ್ತಾರೆ. ವಿರುಪಣ್ಣ ತನ್ನ ವಸ್ತ್ರದ ಮೂಲೆಯನ್ನು ಪಕ್ಕಕ್ಕೆ ಹಿಡಿದ. ನೋಡುವುದಕ್ಕೆ ಇನ್ನೇನೂ ಉಳಿಯಲಿಲ್ಲ.

"ನಮ್ಮನಿದ," ಎಂದ ವಿರುಪಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಪೇಚಾಟವಿತ್ತು. "ನಮ್ಮ ಅಗಸ ಕಳಕಪ್ಪ ಅಂಥಾ ಕೆಲಸ ಮಾಡಾಂವ ಅಲ್ಲ. ಮೂರು ತಲಿಯಿಂದ ನಮ್ಮನಿ ಅರಿವಿ ಒಗೀತಾರ. ಮಾಸ್ತರ್ರ, ಕಳಕಪ್ಪ ನಿಮಗ ಗೊತ್ತೇನು?"

ಇಷ್ಟು ಸರಳವಾದ ಪ್ರಶ್ನೆ. ಹೌದು, ನಮ್ಮಪ್ಪ ಎಂದರೆ ವಿರುಪಣ್ಣ ಬಹುಶಃ ತೊಡೆ ತಟ್ಟಿ ನಕ್ಕುಬಿಡುತ್ತಿದ್ದ. ಗಂಗಾವತಿಯ ನಗೆ ಅದು, ಓಬಳೆಪ್ಪ ಬಲ್ಲ. ಆದರೆ ಸತ್ತ ಅಪ್ಪನನ್ನು ಇವರೆಲ್ಲರ ಎದುರಿಗೆ ಎಬ್ಬಿಸಿ ನಿಲ್ಲಿಸಬೇಕಿತ್ತು. ಪರದೆಯ ಕೆಳಗಿನ ಬೆರಳುಗಳು ಅಲುಗಾಡದೆ ಕಾಯುತ್ತಿದ್ದವು. ಅರ್ಧ ತಾಸಿನ ಹಿಂದೆ ತಾನೇ ಬರೆಸಿದ ಉತ್ತರ ಅವನ ತಲೆಯಲ್ಲಿ ಒಂದಕ್ಷರ ಬಿಡದೆ ಹರಿದು ಹೋಯಿತು. ಒಲೆಯ ಬೆಂಕಿ ಇರಲಿಲ್ಲವಾದ್ದರಿಂದ ಅವನು ಅಜ್ಜಿಯ ಮೊರದ ಕಡೆ ನೋಡಿದ.

"ಇಲ್ರಿ. ಹುಬ್ಬಳ್ಳಿ ಅಂದದ್ದು ನಾಚಿಕಿಗ್ರಿ. ಹುಲಿಗಿ ಸಂತ್ಯಾಗ ಯಾವನೋ ಅಗಸ ಮಾರಾಕ ಕುಂತಿದ್ದ. ನಾ ಕೊಂಡೆ. ಕಳವಿಂದಂತ ಗೊತ್ತಿರಲಿಲ್ರಿ."

ಕಳವು ಎಂಬ ಮಾತನ್ನು ಅಲ್ಲಿ ಯಾರೂ ಆಡಿರಲಿಲ್ಲ. ಇಲ್ಲ ಎಂದಿದ್ದರೆ ಸಾಕಿತ್ತು. ಕಾದಂಬರಿಯ ಹುಡುಗ ಕೂಡ ಅಷ್ಟಕ್ಕೇ ನಿಲ್ಲಿಸಿದ್ದ. ಅಂಗಿ ಬಿಚ್ಚಿ ಕೊಡುತ್ತೇನೆಂದು ಓಬಳೆಪ್ಪ ಗುಂಡಿಗೆ ಕೈ ಹಾಕಿದಾಗ ವಿರುಪಣ್ಣ ಅವನ ಕೈ ಹಿಡಿದು, "ಛೇ, ಇರಲಿ ಇಟ್ಕೊಳ್ರಿ. ನಿಮ್ಮ ತಪ್ಪೇನೈತಿ ಪಾಪ," ಎಂದ. ಅಂದಪ್ಪನವರು ಸಿಹಿ ತರಲು ಕೂಗಿದರು. ಪರದೆಯ ಕೆಳಗಿನ ಬೆರಳುಗಳು ಸರಿದು ಹೋದವು. ಅವನಿಗೂ ಒಂದು ತಟ್ಟೆ ಬಂತು, ಅವನು ಅದನ್ನು ಪೂರ್ತಿ ತಿಂದ.

ಆಮೇಲಿನ ದಿನಗಳನ್ನು ಅವನು ಹೇಗೆ ಕಳೆದನೆಂದು ಕೇಳಿದರೆ, ಎಲ್ಲ ದಿನಗಳ ಹಾಗೆಯೇ ಕಳೆದ ಎನ್ನಬೇಕು. ಗಂಗಾವತಿಗೆ ಮೋಟಾರು ದಿನಾ ಹೋಗುತ್ತಿತ್ತು. ಹತ್ತಿ ಕೂತರೆ ಮಧ್ಯಾಹ್ನದೊಳಗೆ ಕಾಲುವೆಯ ಬಂಡೆಯ ಮೇಲೆ ಅಪ್ಪನ ಎದುರಿಗೆ ನಿಲ್ಲಬಹುದಿತ್ತು. ಮುರ್ತುಜಾಸಾಬನ ಕಿವಿಯಲ್ಲಿ ನಾಲ್ಕು ಮಾತು ಹಾಕಿದರೂ ಆಗುತ್ತಿತ್ತು. ಎರಡು ಸಲ ನಿಲ್ದಾಣದವರೆಗೆ ಹೋಗಿ, ಹುಡುಗರ ನೋಟುಪುಸ್ತಕ ತಿದ್ದುವುದಿದೆ ಎಂದು ನೆನಪಾಗಿ ವಾಪಸು ಬಂದ; ನೋಟುಪುಸ್ತಕಗಳನ್ನು ನಿಜವಾಗಿಯೂ ತಿದ್ದಿದ. ಒಂದು ವೇಳೆ ವಿರುಪಣ್ಣ ಮದುವೆಯ ಮಾತುಕತೆಯ ಗಡಿಬಿಡಿಯಲ್ಲಿ ಅಪ್ಪನನ್ನು ವಿಚಾರಿಸುವುದನ್ನೇ ಮರೆತರೆ? ಮರೆತಾನು. ದೊಡ್ಡ ಮನೆಯವರಿಗೆ ಒಂದು ಅಂಗಿ ಏನು ಲೆಕ್ಕ. ಶನಿವಾರ ಧೋತರವನ್ನು ಮಾತ್ರ ಗಂಟು ಕಟ್ಟಿ ಕಳಿಸಿದ. ಸೋಮವಾರ ಮೋಟಾರು ಬಂತು, ಗಂಟು ಬರಲಿಲ್ಲ. ಮುರ್ತುಜಾಸಾಬ ಅವನನ್ನು ನೋಡಿಯೂ ನೋಡದವನಂತೆ ಮೋಟಾರಿನ ಮೇಲೇರಿ ಮೂಟೆಗಳ ಹಗ್ಗ ಬಿಚ್ಚತೊಡಗಿದ.

ನೆಂಟರ ಗದ್ದಲದಲ್ಲಿ ನಿಂತಿದ್ದ ಪಾಠಕ್ಕೆ ಬುಧವಾರ ಮತ್ತೆ ಹೋದಾಗ ಪಂಪಮ್ಮನ ಕೈಯಲ್ಲಿ ಹೊಸ ಹಸಿರು ಬಳೆಗಳಿದ್ದವು. ಮದುವೆ ಗೊತ್ತಾಗಿದೆ ಎಂದು ಅವಳೇ ಹೇಳಿದಳು, ಅವನ ಮುಖ ನೋಡದೆ. ಪರೀಕ್ಷೆಗೆ ಕೂಡುವುದು ಬೇಡವೆಂದು ಗಂಗಾವತಿಯವರು ಹೇಳಿದ್ದರಂತೆ. "ಆದ್ರೂ ಪುಸ್ತಕ ಮುಗಿಸಿಬಿಡೂಣ್ರಿ ಮಾಸ್ತರ್ರ. ಕಡೀಗೆ ಏನಾತು ಅನ್ನೂದರ ತಿಳೀಲಿ." ಓಬಳೆಪ್ಪ ಹೂಂ ಎಂದ. ಅವಳನ್ನು ಕಳೆದುಕೊಂಡೆನೆಂದು ಅವನಿಗೆ ಆಗ ಸ್ಪಷ್ಟವಾಗಿ ನೋವಾಯಿತು, ಮೈಯೊಳಗೆ ಎಲ್ಲೋ ಹೊಲಿಗೆ ಹರಿದಂತೆ. ಆದರೆ ಆ ನೋವು ಪಡುವುದಕ್ಕೂ ತನಗೆ ಹಕ್ಕಿಲ್ಲವೆಂದು ಅದರ ಬೆನ್ನಿಗೇ ಅನ್ನಿಸಿತು. ಅವಳು ಪುಟ ಹುಡುಕುತ್ತ ಹುಡುಕುತ್ತ ಹೇಳಿದಳು:

"ನಿಮಗ ಅಂಗಿ ಮಾರಿದ ಅಗಸ ಒಪ್ಪಿಕೊಂಡಾನಂತ್ರಿ. ಅವರು ಗಂಗಾವತಿಯಿಂದ ಕಾಗದ ಬರದಾರ."

"ಏನಂತ ಒಪ್ಕೊಂಡ?"

"ಕುಡ್ಯಾಕ ಬೇಕಾಗಿತ್ತು, ಅದಕ್ಕ ಸಂತ್ಯಾಗ ಮಾರೀನಿ ಅಂದನಂತ. ಮದಲ ಇಲ್ಲಾ ಇಲ್ಲಾ ಅಂದನಂತ್ರಿ. ಆಮ್ಯಾಲೆ ಇವರು, ಕೊಪ್ಪಳದ ಇಂಗ್ಲಿಷ್ ಮಾಸ್ತರ ಕೊಂಡಾರ, ಅವರ ಬಾಯಿಲೇ ಹೇಳ್ಯಾರ ಅಂದಕೂಡ್ಲೇ ಸುಮ್ನಾಗಿ, ಹೌದ್ರಿ, ಮಾಸ್ತರು ಹೇಳಿದ್ದು ಖರೇ ಐತಿ ಅಂದನಂತ. ಮಜಾ ಅಂದ್ರ ಅಂವ ಹುಟ್ಟಿದಾಗಿಂದ ಕುಡದಾಂವ ಅಲ್ಲಂತ್ರಿ, ಊರೇ ಹೇಳ್ತೈತಿ."

ಅಜ್ಜಿಯ ಮೊರದಲ್ಲಿ ಅಕ್ಕಿ ಸರಿಯುವ ಸದ್ದು ಒಂದೇ ಸಮನೆ ಕೇಳುತ್ತಿತ್ತು. ಸಾಹುಕಾರರ ಮನೆಯ ಒಗೆತವನ್ನು ಬಿಡಿಸಿದ್ದಾರೆ, ಆ ಓಣಿಯ ಬೇರೆ ಮನೆಗಳೂ ಬಿಡಿಸಿವೆ ಎಂದು ಪಂಪಮ್ಮ ಹೇಳುತ್ತಿದ್ದಳು. ಆಮೇಲೆ ಸ್ವಲ್ಪ ತಡೆದು, ನಿಜವಾದ ಮರುಕದಿಂದ, "ಅವನಿಗೊಬ್ಬ ಮಗ ಅದಾನಂತ್ರಿ. ಎಲ್ಲೋ ಓದಿ ನೌಕರಿ ಮಾಡ್ತಾನಂತ. ಅಪ್ಪ ಹಿಂಗ ಮಾಡಿದ್ದು ತಿಳಿದ್ರ ಅವನಿಗೆ ಎಷ್ಟು ನಾಚಿಕಿ ಆಗಬೇಕಲ್ರಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಮೇಣದಬತ್ತಿಯ ಹುಡುಗನಿಗಾಗಿ ಅತ್ತ ಕಣ್ಣುಗಳೇ. ಓಬಳೆಪ್ಪ ಪುಸ್ತಕದ ಮೇಲೆ ಬಾಗಿ, "ಆಗಬೇಕು," ಎಂದ. ಆ ದಿನದ ಪಾಠ ಓದಿದ. ಒಂದೇ ಅಧ್ಯಾಯ ಉಳಿಯಿತು; ಮದುವೆಯ ಜವಳಿಗೆ ಹೋಗುವುದಿದ್ದುದರಿಂದ ಅದನ್ನು ಸೋಮವಾರಕ್ಕೆ ಇಟ್ಟುಕೊಂಡರು.

ಮುಂದಿನ ಸೋಮವಾರ ಅವನು ನಿಲ್ದಾಣಕ್ಕೆ ಹೋಗಬಾರದೆಂದು ನಿಶ್ಚಯಿಸಿಯೂ ಹೋದ. ಮುರ್ತುಜಾಸಾಬ ಈ ಸಲ ಮೋಟಾರಿನಿಂದ ಇಳಿದು ನೇರವಾಗಿ ಅವನ ಹತ್ತಿರ ಬಂದ. ಕೈಯಲ್ಲಿ ಸಣ್ಣ ಗಂಟಿತ್ತು. ಕೊಡುವ ಮೊದಲು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಬೀಡಿ ಹಚ್ಚಿದ.

"ನಾ ಏನೂ ಕೇಳಂಗಿಲ್ಲ ತಮ್ಮಾ," ಎಂದ. "ಕೇಳಬ್ಯಾಡಂತ ನಿಮ್ಮಪ್ಪ ಆಣಿ ಹಾಕ್ಯಾನ. ಅವರು ಕಾಲುವಿ ಬಿಟ್ಟು ಆನೆಗೊಂದಿ ಕಡೆ ಹೊಂಟಾರ, ನಿಮ್ಮವ್ವ ಸಾಮಾನು ಕಟ್ಟಾಕ ಹತ್ತ್ಯಾಳ. ಇನ್ನ ಸೋಮವಾರ ಗಂಟು ಬರಂಗಿಲ್ಲ. ಇದೊಂದು ಕೊಟ್ಟ."

"ಮತ್ತೇನರ ಹೇಳಿದ್ನೇನು?"

"ಹೇಳಿದ. ಈ ಅಂಗಿ ಯಾರದಂತ ಯಾರೂ ಕೇಳಂಗಿಲ್ಲ, ಚಿಂತಿ ಇಲ್ಲದ ಹಾಕ್ಕೊ ಅಂತ ಹೇಳು ಅಂದ."

ಖೋಲಿಗೆ ಬಂದು, ಬಾಗಿಲು ಹಾಕಿ, ಅವನು ಗಂಟು ಬಿಚ್ಚಿದ. ಕೊಪ್ಪಳದ ಪಕ್ಕದ ಭಾಗ್ಯನಗರದ ಮಗ್ಗದ ದಪ್ಪ ಬಟ್ಟೆ, ಜೋಳದ ಬಣ್ಣದ್ದು, ಹೊಸದು. ಕೈಯಿಂದ ಹೊಲಿದದ್ದು, ಹೊಲಿಗೆ ಅವ್ವನದು, ಅಲ್ಲಲ್ಲಿ ಸೊಟ್ಟಗಿತ್ತು. ಒಮ್ಮೆ ಒಗೆದು, ಗಂಜಿ ಹಾಕಿ, ಸಾಹುಕಾರರ ಅಂಗಿಗಳಿಗೆ ಮಾಡುವ ಹಾಗೆಯೇ ನೆರಿಗೆ ಇಲ್ಲದಂತೆ ಇಸ್ತ್ರಿ ಮಾಡಿದ್ದ ಅಪ್ಪ. ಓಬಳೆಪ್ಪ ಅಂಚು ತಿರುವಿ ಒಳಮಗ್ಗುಲು ನೋಡಿದ. ಬೆಳಕಿಗೆ ಹಿಡಿದು ನೋಡಿದ. ಎಲ್ಲಿಯೂ ಗುರುತಿರಲಿಲ್ಲ. ಅಗಸರು ತಮ್ಮ ಸ್ವಂತ ಬಟ್ಟೆಗೆ ಗುರುತು ಹಾಕುವುದಿಲ್ಲ; ಅದು ಯಾರಿಗೂ ವಾಪಸು ಹೋಗಬೇಕಾದ್ದಲ್ಲ. ಅಳು ಬರಬಹುದೆಂದು ಅವನು ಮಂಚದ ಮೇಲೆ ಕೂತು ಕಾಯ್ದ, ಬರಲಿಲ್ಲ. ಮೂರೂವರೆಯ ಹೊತ್ತಿಗೆ ಎದ್ದು ಮುಖ ತೊಳೆದ. ಕಡೆಯ ಅಧ್ಯಾಯವನ್ನು ಅವನು ಮೊದಲೇ ಓದಿದ್ದ. ಅದರಲ್ಲಿ ಹುಡುಗ ಊರಿಗೆ ಹೋಗುತ್ತಾನೆ, ಮೇಣದಬತ್ತಿಯ ಅಂಗಡಿಯಲ್ಲಿ ದೀಪ ಇರುವುದಿಲ್ಲ. ಅಂಗಿ ತೊಟ್ಟು, ಪುಸ್ತಕ ಕಂಕುಳಲ್ಲಿಟ್ಟುಕೊಂಡು, ಅಭ್ಯಾಸಬಲದಿಂದ ತೋಳು ಮಡಿಚಲು ಹೋದ. ಮಡಿಚುವಷ್ಟು ಹೆಚ್ಚಿರಲಿಲ್ಲ. ಅಳತೆ ಕೊಡದಿದ್ದರೂ ತೋಳು ಸರಿಯಾಗಿತ್ತು.